ಮಣ್ಣಾದ ಮೇಲೆ ದೇಹ ಯಾರದ್ದು?

ಎರಡು ಸಾವು. ಎರಡೂ ಸೆಪ್ಟೆಂಬರ್ ತಿಂಗಳು, ಎರಡೂ ಬೆಳಗಾವಿ ಜಿಲ್ಲೆಯ ನಾಯಕರದ್ದು.

ಮೊದಲನೆಯದು 2020. ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಸೆಪ್ಟೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ನಾಲ್ಕು ಸಲ ಗೆದ್ದ ಸಂಸದ. ಗೋಕಾಕ, ಮೂಡಲಗಿ ಅವರದ್ದೇ ಕ್ಷೇತ್ರ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಎಷ್ಟೇ ಕೆಲಸವಿದ್ದರೂ 'ಮಣ್ಣಿಗೆ ಹೋಗಿ ಬರ್ತೀನಿ' ಅಂತ ಜನ ಹೊರಡ್ತಾರೆ. ಆದರೆ ಈ ಮಣ್ಣಿಗೆ ಯಾರೂ ಹೋಗುವಂತಿರಲಿಲ್ಲ. ಕೋವಿಡ್ ನಿಯಮದಿಂದಾಗಿ ದೇಹ ಊರಿಗೆ ಬರಲಿಲ್ಲ. ಮರುದಿನ ದೆಹಲಿಯ ದ್ವಾರಕಾದಲ್ಲೇ ಲಿಂಗಾಯತ ವಿಧಿಯಂತೆ ಮಣ್ಣು ಮಾಡಿದರು. ಊರಿನ ಜನ ಅದನ್ನು ನೋಡಿದ್ದು ಟಿವಿಯಲ್ಲಿ.

ಎರಡನೆಯದು 2022. ಹುಕ್ಕೇರಿ ಶಾಸಕ, ಸಚಿವ ಉಮೇಶ ಕತ್ತಿ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಹೋದರು. ಮರುದಿನ ವಿಮಾನದಲ್ಲಿ ದೇಹ ಬೆಳಗಾವಿಗೆ ಬಂತು. ಬೆಲ್ಲದ ಬಾಗೇವಾಡಿಯಲ್ಲಿ, ಜನಸಾಗರದ ನಡುವೆ, ಸ್ವಂತ ನೆಲದಲ್ಲೇ ಮಣ್ಣಾದರು.

ಅದಾಗಿ ಐದೇ ದಿನಕ್ಕೆ, ಸೆಪ್ಟೆಂಬರ್ 12ರಂದು, ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಮ್ಮ ಚಾನೆಲ್‌ಗಳಲ್ಲಿ ಅದಕ್ಕೆ ಸಿಕ್ಕಿದ್ದು ಸ್ಕ್ರೋಲ್‌ನಲ್ಲಿ ಒಂದು ಸಾಲು, ಅಷ್ಟೇ. ಪ್ರಕರಣ ಕಾಶ್ಮೀರದ್ದು. 2021ರ ನವೆಂಬರ್ 15ರಂದು ಶ್ರೀನಗರದ ಹೈದರ್‌ಪೋರಾದಲ್ಲಿ ಎನ್‌ಕೌಂಟರ್ ನಡೀತು. ಸತ್ತವರನ್ನು ಪೊಲೀಸರೇ ದೂರದ ಹಂದ್ವಾರದ ಕಡೆ ಒಯ್ದು ಹೂತರು. ಪ್ರತಿಭಟನೆ ಜೋರಾದ ಮೇಲೆ ಇಬ್ಬರ ದೇಹ ಹೊರತೆಗೆದು ಮನೆಯವರಿಗೆ ಕೊಟ್ಟರು. ಇನ್ನೊಬ್ಬ ಹುಡುಗನದ್ದು ಕೊಡಲಿಲ್ಲ, ಅವನು ಉಗ್ರ ಅಂತ. ಅಪ್ಪ ಕೋರ್ಟಿಗೆ ಹೋದ. 2022ರ ಮೇ ತಿಂಗಳಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ 'ದೇಹ ತೆಗೆಯಿರಿ' ಅಂತು, ವಿಭಾಗೀಯ ಪೀಠ ಅದನ್ನು ಬದಲಿಸಿತು. ಕೊನೆಗೆ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಗೋರಿ ಹತ್ತಿರ ಪ್ರಾರ್ಥನೆಗೆ ಅವಕಾಶ ಮತ್ತು 5 ಲಕ್ಷ ರೂಪಾಯಿ ಪರಿಹಾರ, ಇಷ್ಟು ಮಾತ್ರ ಉಳೀತು.

ನ್ಯಾಯಾಲಯ ಹೇಳಿದ್ದು ಏನು ಗೊತ್ತಾ? ಗೌರವದ ಅಂತ್ಯಸಂಸ್ಕಾರ ಸಂವಿಧಾನದ 21ನೇ ವಿಧಿಯೊಳಗೆ ಬರುವ ಹಕ್ಕು, ಸರಿ. ಆದರೆ ಒಮ್ಮೆ ಹೂತ ಮೇಲೆ ದೇಹ ಕಾನೂನಿನ ಸುಪರ್ದಿಗೆ ಸೇರುತ್ತೆ. ನ್ಯಾಯಕ್ಕೆ ಅಗತ್ಯ ಅನ್ನಿಸಿದರೆ ಮಾತ್ರ ಅದನ್ನು ಮುಟ್ಟಬಹುದು.

ಇದರ ಬೇರು ಹಳೇದು. ಶವ ಯಾರ ಆಸ್ತಿಯೂ ಅಲ್ಲ ಅಂತ 1882ರಲ್ಲೇ ಇಂಗ್ಲೆಂಡಿನ ಕೋರ್ಟ್ ಹೇಳಿತ್ತು. ತನ್ನನ್ನು ಸುಡಬೇಕು ಅಂತ ಒಬ್ಬ ಗೆಳತಿಗೆ ಬರೆದಿಟ್ಟು ಸತ್ತ, ಮನೆಯವರು ಹೂತುಬಿಟ್ಟರು. ಆಕೆ ಬೇರೆ ಕಡೆ ಹೂಳುತ್ತೇನೆ ಅಂತ ಲೈಸೆನ್ಸ್ ಪಡೆದು, ದೇಹ ತೆಗೆಸಿ, ಇಟಲಿಗೆ ಒಯ್ದು ಸುಟ್ಟಳು! ಆಮೇಲೆ ಖರ್ಚು ಕೊಡಿ ಅಂತ ಕೇಸು ಹಾಕಿ ಸೋತಳು. ನೋಡಿ, ಅಲ್ಲಿ ದೇಹ ಬೇರೆ ಕಡೆ ಒಯ್ಯೋಕೆ ಲೈಸೆನ್ಸ್ ಪದ್ಧತಿಯಾದರೂ ಆಗಲೇ ಇತ್ತು.

ನಮ್ಮಲ್ಲಿ? ಸಿಆರ್‌ಪಿಸಿಯ 176(3) ಒಂದೇ. ಅದೂ ಸಾವಿನ ಕಾರಣ ತಿಳಿಯೋಕೆ ಮ್ಯಾಜಿಸ್ಟ್ರೇಟರು ಬಳಸುವ ಅಧಿಕಾರ. ತನ್ನವರನ್ನು ಊರ ಮಣ್ಣಿಗೆ ತರಬೇಕು ಅನ್ನುವ ಮಗನಿಗೆ ಅದರಿಂದ ಉಪಯೋಗ ಇಲ್ಲ.

ತೀರ್ಪು ಕಾನೂನಿನ ಪ್ರಕಾರ ತಪ್ಪು ಅಂತ ನಾನು ಹೇಳಲ್ಲ. ತಿಂಗಳುಗಟ್ಟಲೆ ಮಣ್ಣಲ್ಲಿದ್ದ ದೇಹ ಏನಾಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ನನಗೆ ಚುಚ್ಚುವುದು ಬೇರೆ. ಸರ್ಕಾರವೇ ಮೊದಲು ಹೂಳುತ್ತೆ, ಅಪ್ಪ ಕೋರ್ಟು ಅಲೆಯುತ್ತಾನೆ, ದಿನ ಕಳೆಯುತ್ತೆ, ಆಮೇಲೆ ಆ ಕಳೆದ ದಿನಗಳೇ ಅವನ ವಿರುದ್ಧ ಸಾಕ್ಷಿ ಹೇಳುತ್ತವೆ.

ಹೂತ ದೇಹ ಹೊರತೆಗೆಯುವ ಬಗ್ಗೆ ಸೂಕ್ತ ಕಾನೂನು ತರೋದನ್ನು ಯೋಚಿಸಿ ಅಂತ ಅದೇ ತೀರ್ಪು ಕೇಂದ್ರಕ್ಕೆ ಹೇಳಿತ್ತು. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 196ನೇ ಸೆಕ್ಷನ್ ತೆಗೆದು ನೋಡಿದೆ. ಹಳೇ ಮಾತೇ ಅಲ್ಲಿ ಬಂದು ಕೂತಿದೆ.