ಬ್ರಹ್ಮಗಿರಿಯ ಹೊಲದಲ್ಲಿ ರೋಮಿನ ಸುಳಿವು

ಇಂಗ್ಲೆಂಡಿನ ಹೊಲವೊಂದರಲ್ಲಿ ನೇಗಿಲಿಗೆ ಹೆಂಚಿನ ಚೂರು, ಬಣ್ಣದ ಕಲ್ಲು ಕೂರಿಸಿದ ನೆಲದ ತುಣುಕು ಸಿಕ್ಕರೆ, ಅಡಿಯಲ್ಲಿ ರೋಮನ್ ಕಾಲದ ಸಿರಿವಂತನ ತೋಟದ ಮನೆ ಇರಬಹುದೆಂದು ಸಂಶೋಧಕರು ಊಹಿಸುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ತಪ್ಪಲಲ್ಲೂ ರೋಮಿನ ಹೆಸರು ಕೇಳಿಬಂದದ್ದುಂಟು. ಇಲ್ಲಿ ಅದಕ್ಕೆ ಆಧಾರವಾದದ್ದು ಮನೆಯಲ್ಲ, ಬೋಕಿ ಚೂರು. ದಕ್ಷಿಣ ಭಾರತದ ಪ್ರಾಗಿತಿಹಾಸದ ಕಾಲಮಾನವನ್ನು ಕೆಲವು ವರ್ಷ ಆ ಚೂರುಗಳೇ ಹೊತ್ತಿದ್ದವು.

ಈ ಜಾಗ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಅಶೋಕನಿಂದ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನು, ಅಂದರೆ ರಾಜಕುಮಾರನು, ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ ಆಜ್ಞೆಗಳವು. ಬರೆದವನು ಚಪಡ; ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ತನ್ನ ಕೈಚಳಕ ತೋರಿಸಿದ್ದಾನೆ. ಇಸಿಲ ಎಂಬ ಊರನ್ನು ಅರಸುತ್ತಲೇ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1940ರ ದಶಕದಲ್ಲಿ ಇಲ್ಲಿ ಅಗೆಸಿದರು. 1947ರಲ್ಲಿ ಬಂದವರು ಮಾರ್ಟಿಮರ್ ವೀಲರ್. ಇಂಗ್ಲೆಂಡಿನ ವೆರುಲೇಮಿಯಮ್ ಎಂಬ ರೋಮನ್ ಪಟ್ಟಣವನ್ನು ಅಗೆದು ಪಳಗಿದ್ದ ಅವರಿಗೆ ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸುವುದು ಕರಗತವಾಗಿತ್ತು.

ವೀಲರ್ ಇಲ್ಲಿ ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ತಳದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯವರು. ಅವರ ಮೇಲೆ ಕಬ್ಬಿಣ ಬಳಸಿ, ಕಲ್ಲಿನ ವರ್ತುಲಗಳ ನಡುವೆ ಚಪ್ಪಡಿಗೋರಿ ಕಟ್ಟಿದ ಬೃಹತ್ ಶಿಲಾ ಸಂಸ್ಕೃತಿಯವರು. ಎಲ್ಲಕ್ಕೂ ಮೇಲೆ, ಅವರು ‘ಆಂಧ್ರ’ ಎಂದು ಕರೆದ ಶಾತವಾಹನ ಕಾಲದ ಪದರ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಣ್ಣಿನಿಂದಲೇ ತಿಳಿಯಿತು. ಇಸವಿ ಹೇಳುವುದು ಹೇಗೆ?

ಅದಕ್ಕೆ ಒದಗಿದ್ದು ಮೇಲಿನ ಪದರದ ರೂಲೆಟೆಡ್ ಮಡಕೆ. ನುಣ್ಣನೆಯ ಜೇಡಿಯ ಅಗಲ ತಟ್ಟೆ. ಅಂಚು ಒಳಕ್ಕೆ ಬಾಗಿದೆ. ಒಳತಳದಲ್ಲಿ ಒಂದರೊಳಗೊಂದು ಸುತ್ತುಗಳಾಗಿ ಸಣ್ಣ ಸಣ್ಣ ಹಲ್ಲಿನ ಗುರುತುಗಳು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಂಥದೇ ತಟ್ಟೆಯ ಚೂರುಗಳು ಇಟಲಿಯ ಅರೆಟೈನ್ ಮಡಕೆಯೊಂದಿಗೆ ವೀಲರರಿಗೆ ಸಿಕ್ಕಿದ್ದವು. ಇಟಲಿಯ ಮಡಕೆಗೆ ಖಚಿತ ಕಾಲವಿದೆ: ಕ್ರಿ.ಶ. ಒಂದನೆಯ ಶತಮಾನದ ಮೊದಲರ್ಧ. ಅದನ್ನು ಹಿಡಿದು ಬ್ರಹ್ಮಗಿರಿಯ ಆಂಧ್ರ ಪದರ ಕ್ರಿ.ಶ. ಒಂದನೆಯ ಶತಮಾನದ ನಡುವೆ ಆರಂಭವಾಯಿತೆಂದರು. ಅಲ್ಲಿಂದ ಕೆಳಗೆ ಎಣಿಸುತ್ತ ಬೃಹತ್ ಶಿಲಾ ಸಂಸ್ಕೃತಿ ಕ್ರಿ.ಪೂ. 200ರಿಂದೀಚಿನದೆಂದೂ, ಕಲ್ಲುಕೊಡಲಿಯವರು ಅಲ್ಲಿಯವರೆಗೂ ಇದ್ದರೆಂದೂ ಲೆಕ್ಕ ಹಾಕಿದರು.

ತೊಡಕು ಇದ್ದದ್ದು ಇಲ್ಲೇ. ಅಶೋಕನ ಆಜ್ಞೆ ಬಂದದ್ದು ಕ್ರಿ.ಪೂ. ಮೂರನೆಯ ಶತಮಾನದ ನಡುವೆ. ವೀಲರ್ ಲೆಕ್ಕ ನಿಜವಾದರೆ, ಮಹಾಮಾತ್ರರೂ ಲಿಪಿಕಾರನೂ ಇದ್ದ ಇಸಿಲದ ಜನ ಆಗಿನ್ನೂ ಕಲ್ಲುಕೊಡಲಿ ಹಿಡಿದೇ ಓಡಾಡುತ್ತಿದ್ದರೆಂದಾಗುತ್ತದೆ. ಬಂಡೆಯ ಮೇಲಿನ ಅಕ್ಷರವೂ ಹೊಂಡದೊಳಗಿನ ಲೆಕ್ಕವೂ ಒಂದಕ್ಕೊಂದು ಹೊಂದುವುದಿಲ್ಲ. ತಪ್ಪು ಪದರಗಳಲ್ಲಿರಲಿಲ್ಲ, ಆ ಕೆಲಸ ಇಂದಿಗೂ ಮಾದರಿ. ಇಟಲಿಯ ಒಂದೇ ಗೂಟಕ್ಕೆ ಸಾವಿರಾರು ವರ್ಷಗಳನ್ನು ಬಿಗಿದದ್ದರಲ್ಲಿತ್ತು.

ರೇಡಿಯೋ ಕಾರ್ಬನ್ ಪರೀಕ್ಷೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಉಟ್ನೂರಿನ ಬೂದಿದಿಬ್ಬ ದಕ್ಷಿಣದ ನವಶಿಲಾಯುಗವನ್ನು, ಅಂದರೆ ಕಲ್ಲುಕೊಡಲಿಯವರ ಕಾಲವನ್ನು, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಎಂ.ಎಸ್. ನಾಗರಾಜರಾವ್ ಅಗೆದ ಹಳ್ಳೂರಿನಿಂದ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ಅಲ್ಲಿಗೆ, ಅಶೋಕನ ಆಜ್ಞೆ ಬರುವ ಹೊತ್ತಿಗೆ ಇಸಿಲದವರ ಕೈಗೆ ಕಬ್ಬಿಣ ಬಂದು ಶತಮಾನಗಳೇ ಕಳೆದಿದ್ದವು! ಇತ್ತ ವಿಮಲಾ ಬೇಗ್ಲಿ ಅರಿಕಮೇಡುವಿನ ಸಾಮಗ್ರಿಯನ್ನು ಮತ್ತೆ ಪರಿಶೀಲಿಸಿ, ರೂಲೆಟೆಡ್ ಮಡಕೆ ಕ್ರಿ.ಪೂ. ಎರಡನೆಯ ಶತಮಾನದಿಂದಲೇ ಇತ್ತೆಂದು ವಾದಿಸಿದರು. ಮಣ್ಣಿನ ವಿಶ್ಲೇಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಮಡಕೆ ಭಾರತದಲ್ಲೇ ಬೆಂದದ್ದೆಂದು ತೋರಿಸಿತು.

ಹಾಗೆಂದು ರೋಮಿನ ನಂಟನ್ನು ಪೂರ್ತಿ ಅಳಿಸುವಂತಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟೇ ದೊರೆಯಿತು. ಇವು ವ್ಯಾಪಾರದ ಗುರುತು, ವಸತಿಯದಲ್ಲ. ಶಾತವಾಹನರ ಸೀಸದ ನಾಣ್ಯ ಓಡಾಡುತ್ತಿದ್ದ ನಾಡಿಗೆ ಬಂದ ಬೆಳ್ಳಿ, ರೋಮನ್ನನ ಕೈಯಿಂದಲೇ ನೇರವಾಗಿ ಬಂದಿರಬೇಕಿಲ್ಲ. ಬಂದರಿನಿಂದ ವರ್ತಕರ ಕೈ ದಾಟುತ್ತ ಬಂದರೂ ಸಾಕು. ರೋಮನ್ ಮನೆಯೆಂದು ಹೇಳಬೇಕಾದರೆ ಅಡಿಪಾಯ, ಛಾವಣಿಯ ಹೆಂಚು, ಸ್ನಾನದ ಕೋಣೆಯ ನೆಲ ಬೇಕು. ಬ್ರಹ್ಮಗಿರಿಯ ಪದರಗಳಲ್ಲಿ ಅಂಥದ್ದೇನೂ ಕಂಡಿಲ್ಲ. ಅಲ್ಲಿ ಆಂಧ್ರ ಪದರದಲ್ಲಿ ಕಾಣುವುದು ಕೆಂಗಂದು ಲೇಪದ ಮೇಲೆ ಬಿಳಿ ಗೆರೆ ಎಳೆದ ಊರ ಮಡಕೆ.