ಸಾಲಿನ ತುದಿಯಲ್ಲಿ ನಿಂತವರು

ನಮ್ಮ ಮನೆಯ ಗೋಡೆಯ ಮೇಲೆ ಹಳೇ ಮದುವೆಯ ಗ್ರೂಪ್ ಫೋಟೊ ಒಂದಿದೆ. ಬಲತುದಿಯಲ್ಲಿ ಸೀರೆಯ ಸೆರಗು, ಬಳೆ ತೊಟ್ಟ ಒಂದು ಕೈ ಮಾತ್ರ ಕಾಣುತ್ತದೆ. "ಅದು ನನ್ನ ತಂಗಿ ಕೈ ಕಣಪ್ಪ" ಅನ್ನುತ್ತದೆ ಅಜ್ಜಿ. ಆ ತಂಗಿಯ ಬೇರೆ ಫೋಟೊ ಮನೆಯಲ್ಲಿಲ್ಲ.

ಹೀಗೆ ತುದಿಯವರು ಕತ್ತರಿಸಿ ಹೋಗಬಾರದು ಎಂದು ಕ್ಯಾಮೆರಾ ಮಾಡುವವರು ಬಹಳ ಕಾಲ ಒದ್ದಾಡಿದ್ದಾರೆ. ಆ ಕಥೆ ಇದು.

ಮೊದಲಿದ್ದದ್ದು ಮೂರು ಕಾಲಿನ ಮೇಲೆ ನಿಲ್ಲಿಸುವ ಮರದ ಕ್ಯಾಮೆರಾ. ಫೋಟೊದವರು ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಹಿಂದಿನ ಮಬ್ಬು ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತಿತ್ತು. ಉಲ್ಟಾ ಆದರೂ ಅದು ಲೆನ್ಸ್ ನೋಡಿದ್ದೇ ನೋಟ. ಗಾಜಿನ ಮೇಲೆ ಇದ್ದವರು ಫೋಟೊದಲ್ಲೂ ಇರುತ್ತಿದ್ದರು.

1925ರಲ್ಲಿ ಜರ್ಮನಿಯಿಂದ ಲೈಕಾ ಬಂತು. ಆಸ್ಕರ್ ಬಾರ್ನಾಕ್ ಎಂಬುವರು ರೂಪಿಸಿದ, ಕೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ. ಸಿನಿಮಾ ರೀಲನ್ನೇ ಬಳಸುತ್ತಿತ್ತು. 1930ರಲ್ಲಿ ಲೆನ್ಸ್ ಬದಲಾಯಿಸುವ ಅನುಕೂಲ ಬಂತು. 1932ರಲ್ಲಿ ದೂರ ಅಳೆದು ಫೋಕಸ್ ಮಾಡುವ ರೇಂಜ್‌ಫೈಂಡರ್ ಒಳಗೇ ಸೇರಿತು. ಆದರೆ ಇಲ್ಲಿ ನೋಡುವ ಕಿಟಕಿ ಬೇರೆ, ಚಿತ್ರ ತೆಗೆಯುವ ಲೆನ್ಸ್ ಬೇರೆ. ಕಣ್ಣು ಒಂದು ಕಡೆಯಿಂದ ನೋಡಿದರೆ ರೀಲು ಇನ್ನೊಂದು ಕಡೆಯಿಂದ ನೋಡುತ್ತಿತ್ತು.

ಮಾಮೂಲಿ 50 ಮಿ.ಮೀ. ಲೆನ್ಸ್ ಇದ್ದಾಗ ಹೆಚ್ಚು ತೊಂದರೆ ಇರಲಿಲ್ಲ. ಕಷ್ಟ ಬಂದದ್ದು ಜಾಗ ಸಾಲದಾಗ. ಹತ್ತು ಜನ ಸಾಲಾಗಿ ನಿಂತರೆ ಸುಮಾರು 16 ಅಡಿ ಅಗಲ ಅಂದುಕೊಳ್ಳಿ. 50 ಮಿ.ಮೀ. ಲೆನ್ಸಿನಲ್ಲಿ ಎಲ್ಲರೂ ಬರಬೇಕಾದರೆ 22 ಅಡಿಗಿಂತ ಹಿಂದೆ ಹೋಗಬೇಕು. ನಮ್ಮೂರ ಬೀದಿಯಲ್ಲಿ ಅಷ್ಟು ಹಿಂದೆ ಹೋದರೆ ಎದುರುಮನೆ ಕೊಟ್ಟಿಗೆಯಲ್ಲಿ ಇರುತ್ತೀರಿ! 28 ಮಿ.ಮೀ. ಲೆನ್ಸಾದರೆ ಹನ್ನೆರಡೂವರೆ ಅಡಿ ಸಾಕು. 21 ಆದರೆ ಒಂಬತ್ತೂವರೆ ಅಡಿ. ಇವೇ ವೈಡ್ ಲೆನ್ಸ್‌ಗಳು.

ಆದರೆ ಕ್ಯಾಮೆರಾದ ಕಿಟಕಿಗೆ ಅಷ್ಟು ಅಗಲ ಕಾಣುತ್ತಿರಲಿಲ್ಲ. 1954ರ ಹೆಸರಾಂತ ಲೈಕಾ ಎಂ3ಯಲ್ಲಿ 50, 90, 135 ಮಿ.ಮೀ. ಲೆನ್ಸ್‌ಗಳಿಗೆ ಮಾತ್ರ ಗೆರೆಗಳಿದ್ದವು. ಅದಕ್ಕೇ ಕ್ಯಾಮೆರಾದ ತಲೆಯ ಮೇಲೆ, ಈಗ ಫ್ಲ್ಯಾಶ್ ಸಿಕ್ಕಿಸುವಂಥ ಜಾಗದಲ್ಲಿ, ಇನ್ನೊಂದು ಪುಟ್ಟ ಗಾಜಿನ ಕಿಟಕಿ ಕೂರಿಸುತ್ತಿದ್ದರು. ಅದೇ ಹೊರಗಿನ ವ್ಯೂಫೈಂಡರ್. ಲೆನ್ಸಿಗೆ ತಕ್ಕ ಕಿಟಕಿ: 28ಕ್ಕೆ ಒಂದು, 21ಕ್ಕೆ ಇನ್ನೊಂದು.

ನಮ್ಮ ಕಡೆ ಎಲ್ಲರ ಬಾಯಲ್ಲಿದ್ದ ಹೆಸರು ಯಾಶಿಕಾ. ಆ ಕಂಪನಿ 1966ರಲ್ಲಿ ತಂದ ಎಲೆಕ್ಟ್ರೋ 35 ಕೂಡ ರೇಂಜ್‌ಫೈಂಡರ್ ಕ್ಯಾಮೆರಾನೇ. ಅದರ ಲೆನ್ಸ್ ಬಿಚ್ಚಲು ಬರುತ್ತಿರಲಿಲ್ಲ. ಆದರೆ ಮುಂದಕ್ಕೆ ತಿರುಗಿಸಿ ಕೂರಿಸುವ ವೈಡ್ ಗಾಜು ಸಿಗುತ್ತಿತ್ತು. 45 ಮಿ.ಮೀ. ನೋಟ ಸುಮಾರು 38ಕ್ಕೆ ಅಗಲವಾಗುತ್ತಿತ್ತು. ಅದರ ಜೊತೆಗೂ ತಲೆಯ ಮೇಲೆ ಸಿಕ್ಕಿಸುವ ಕಿಟಕಿ ಬರುತ್ತಿತ್ತು.

ಕೆಲಸ ಎರಡು ಹಂತದ್ದು. ಮೊದಲು ಕೆಳಗಿನ ಕಿಟಕಿಯಲ್ಲಿ ಫೋಕಸ್, ಆಮೇಲೆ ಮೇಲಿನ ಕಿಟಕಿಯಲ್ಲಿ ಯಾರ್ಯಾರು ಬಂದರು ಅಂತ ನೋಟ. ಅನುಭವಸ್ಥರು ಮೊದಲನೆಯದನ್ನು ಬಿಟ್ಟೇಬಿಡುತ್ತಿದ್ದರು. 28 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿ ಇಟ್ಟು, ಫೋಕಸ್ 10 ಅಡಿಗೆ ತಿರುಗಿಸಿದರೆ ಐದಾರು ಅಡಿಯಿಂದ ನೂರು ಅಡಿ ಆಚೆಯವರೆಗೂ ಸ್ಪಷ್ಟ. ಸಂತೆ, ಜಾತ್ರೆ, ಚಳವಳಿಯ ನೂಕುನುಗ್ಗಲಿನಲ್ಲಿ ಮೇಲಿನ ಕಿಟಕಿಯೊಂದನ್ನೇ ನೋಡಿ ಒತ್ತಬಹುದಿತ್ತು.

ತಪ್ಪಿಗೂ ದಾರಿ ಎರಡು. ಕಿಟಕಿ ಲೆನ್ಸಿಗಿಂತ ಮೇಲಿರುವುದರಿಂದ ಹತ್ತಿರದ ಫೋಟೊದಲ್ಲಿ ತಲೆ ಕತ್ತರಿಸಿ ಹೋಗುತ್ತಿತ್ತು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ತಲೆಯ ಮೇಲೆ 28ರ ಕಿಟಕಿ, ಮುಂದೆ ಮಾತ್ರ 50ರ ಲೆನ್ಸ್! ಫೋಟೊದವರಿಗೆ ಹತ್ತೂ ಜನ ಕಾಣುತ್ತಾರೆ, ರೀಲಿನ ಮೇಲೆ ನಡುವಿನ ಐದಾರು ಜನ ಮಾತ್ರ. ರೀಲು ತೊಳೆಸಿ ಬರುವ ಹೊತ್ತಿಗೆ ಮದುವೆ ಮುಗಿದು ನೆಂಟರು ಊರು ಸೇರಿರುತ್ತಾರೆ.

1959ರಲ್ಲಿ ನಿಕಾನ್ ಎಫ್ ಬಂತು. ಒಳಗೆ ಕನ್ನಡಿ ಇದ್ದ ಇಂಥ ಎಸ್‌ಎಲ್‌ಆರ್ ಕ್ಯಾಮೆರಾಗಳು ಹರಡಿದ ಮೇಲೆ ಕಣ್ಣು ಮತ್ತೆ ಲೆನ್ಸಿನ ಮೂಲಕವೇ ನೋಡತೊಡಗಿತು. ಹೊರಗಿನ ಕಿಟಕಿ ಮೂಲೆ ಸೇರಿತು. ಈಗ ಮೊಬೈಲ್ ಪರದೆಯೂ ಆ ಮಬ್ಬು ಗಾಜಿನ ಹಾಗೇ, ಲೆನ್ಸ್ ಕಂಡದ್ದನ್ನೇ ತೋರಿಸುತ್ತದೆ, ಅದೂ ನೆಟ್ಟಗೆ.

ಮುಂದಿನ ಸಲ ಗಗನಚುಕ್ಕಿಗೆ ಹೋದಾಗ ಕಂಬಿಯ ಹತ್ತಿರ ಮನೆಯವರನ್ನೆಲ್ಲ ನಿಲ್ಲಿಸಿ 0.5 ಒತ್ತುತ್ತೀರಲ್ಲ, ಆಗ ಒಂದು ಕ್ಷಣ ಪರದೆಯ ಎರಡೂ ಅಂಚು ನೋಡಿ. ವೈಡ್ ಲೆನ್ಸ್ ಅಂಚಿನಲ್ಲಿರುವವರನ್ನು ಎಳೆದು ದಪ್ಪ ಮಾಡುತ್ತದೆ. ಸ್ವಲ್ಪ ಒಳಗೆ ಬರಲು ಹೇಳಿ. ನಾಚಿಕೊಂಡು ತುದಿಯಲ್ಲಿ ನಿಲ್ಲುವವರು ಎಲ್ಲ ಮನೆಯಲ್ಲೂ ಇರುತ್ತಾರೆ.

ಹಾಗೇ ಮನೆಯ ಹಳೇ ಫೋಟೊ ಇಳಿಸಿ, ಗೊತ್ತಿರುವ ಹಿರಿಯರನ್ನು ಕೇಳಿ, ಹಿಂದೆ ಹೆಸರು ಬರೆದಿಡಿ. ನಾನು ನಮ್ಮ ಫೋಟೊದ ಹಿಂದೆ ಬರೆದದ್ದು ಹತ್ತು ಹೆಸರು. ಹತ್ತನೆಯದು ಆ ಕೈಯದ್ದು.