ಹುಲ್ಲಿನ ದೂಳು, ಕುದುರೆಯ ಉಸಿರು

ಕುದುರೆ ಬಾಯಿಂದ ಉಸಿರಾಡಲಾರದು. ಮೂಗು ಕಟ್ಟಿದರೆ ನಾವು ಬಾಯಿ ತೆರೆದು ಹೇಗೋ ಸುಧಾರಿಸಿಕೊಳ್ಳುತ್ತೇವೆ. ಅದಕ್ಕೆ ಆ ದಾರಿಯಿಲ್ಲ. ಸುಮ್ಮನೆ ನಿಂತಾಗಲೂ ಒಂದೊಂದು ಉಸಿರಿಗೆ ಸುಮಾರು 5 ಲೀಟರ್ ಗಾಳಿ ಎಳೆಯುವ ಈ ಪ್ರಾಣಿಯನ್ನು ಲಾಯದಲ್ಲಿ ಕಟ್ಟಿ, ಮೂಗಿನ ನೇರಕ್ಕೆ ಒಣಹುಲ್ಲಿನ ಬಲೆ ತೂಗುಹಾಕಿದವರು ನಾವು. ಪಶುವೈದ್ಯನಾಗಿ ಲಾಯಗಳಲ್ಲೇ ಬದುಕು ಸವೆಸಿದ ನನಗೆ ಉಬ್ಬಸದ ಕುದುರೆ ದೂರದಿಂದಲೇ ಗೊತ್ತಾಗುತ್ತದೆ. ಉಸಿರು ಬಿಡುವಾಗ ಹೊಟ್ಟೆ ಒಮ್ಮೆ ಕುಗ್ಗುತ್ತದೆ, ಅರೆಕ್ಷಣ ತಡೆಯುತ್ತದೆ, ಉಳಿದ ಗಾಳಿಯನ್ನು ದಬ್ಬಲು ಮತ್ತೊಮ್ಮೆ ಒತ್ತುತ್ತದೆ. ವರ್ಷಗಟ್ಟಲೆ ಹೀಗೆ ತಿಣುಕಿದ ಕುದುರೆಯ ಪಕ್ಕೆಲುಬಿನ ಅಂಚಿನಲ್ಲಿ ಸ್ನಾಯು ಬಲಿತು ಓರೆಯಾಗಿ ಒಂದು ಗೆರೆ ಎದ್ದಿರುತ್ತದೆ. ಬೆರಳಿಟ್ಟರೆ ಹುರಿ ಹಗ್ಗದಷ್ಟು ಗಟ್ಟಿ.

ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1698ರಲ್ಲಿ ಉಬ್ಬಸದ ಮೇಲೆ ಒಂದು ಗ್ರಂಥ ಪ್ರಕಟಿಸಿದ. ಸ್ವತಃ ಆ ರೋಗದಿಂದ ನರಳಿದವನು. ಉಸಿರು ಕೆಟ್ಟ ಹೆಣ್ಣುಕುದುರೆಯೊಂದನ್ನು ಕೊಯ್ದು ನೋಡಿ, ಅದರ ಶ್ವಾಸಕೋಶ ಗಾಳಿ ತುಂಬಿ ಉಬ್ಬಿಕೊಂಡಿದ್ದನ್ನು ಬರೆದಿಟ್ಟ. ತನ್ನ ಎದೆಯ ಸಂಕಟಕ್ಕೆ ಕುದುರೆಯ ಎದೆಯಲ್ಲಿ ಉತ್ತರ ಹುಡುಕಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ಆದರೆ ಮುಂದಿನವರು ಈ ರೋಗದ ತಪ್ಪನ್ನು ಕುದುರೆಯ ತಲೆಗೇ ಕಟ್ಟಿದರು. 1831ರಲ್ಲಿ ಕುದುರೆಯ ಬಗ್ಗೆ ಹೆಸರಾಂತ ಪುಸ್ತಕ ಬರೆದ ವಿಲಿಯಂ ಯೂಆಟ್ ಕೂಡ ಹೊಟ್ಟೆಬಾಕತನವನ್ನೂ ಒರಟು ಮೇವನ್ನೂ ದೂರಿದ. ಸಂತೆಯ ದಲ್ಲಾಳಿಗಳು ಕೊಬ್ಬಿನಲ್ಲಿ ಸೀಸದ ಗುಂಡುಗಳನ್ನು ಕಲಸಿ ನುಂಗಿಸಿ, ವ್ಯಾಪಾರ ಮುಗಿಯುವವರೆಗೆ ಏದುಸಿರನ್ನು ಮರೆಮಾಚುತ್ತಿದ್ದರು. ಕುದುರೆ ನೋಡಿಕೊಳ್ಳುವ ಆಳುಗಳು ಮಾತ್ರ ಹುಲ್ಲಿಗೆ ನೀರು ಚಿಮುಕಿಸಿ ಹಾಕುತ್ತಿದ್ದರು. ನೀರು ಬಿದ್ದ ಹುಲ್ಲು ತಿಂದರೆ ಕೆಮ್ಮು ತಗ್ಗುತ್ತದೆಂದು ಅವರು ಕಣ್ಣಾರೆ ಕಂಡಿದ್ದರು.

ವೈದ್ಯಶಾಸ್ತ್ರ ಹುಲ್ಲಿನ ಕಡೆ ತಿರುಗಿದ್ದು ಮನುಷ್ಯರು ಕಾಯಿಲೆ ಬಿದ್ದ ಮೇಲೆ. ಇಂಗ್ಲೆಂಡಿನ ವೆಸ್ಟ್‌ಮೋರ್‌ಲೆಂಡ್ ಪ್ರಾಂತ್ಯದಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಕೆದಕಿದ ಕೂಲಿಗಳಿಗೆ ಕೆಲವು ಗಂಟೆಗಳಲ್ಲೇ ಏದುಸಿರು, ಜ್ವರ, ಕೆಮ್ಮು ಶುರುವಾಗುತ್ತಿತ್ತು. ಕ್ಯಾಂಪ್‌ಬೆಲ್ ಎಂಬ ವೈದ್ಯ 1932ರಲ್ಲಿ ಅದನ್ನು ವರದಿ ಮಾಡಿದ. 1963ರ ಹೊತ್ತಿಗೆ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಗ್ರೆಗರಿ ಮತ್ತು ಲೇಸಿ ಪಿಂಡಿಯೊಳಗೆ ನಡೆಯುವುದನ್ನು ಬಿಡಿಸಿ ತೋರಿಸಿದರು. ಹುಲ್ಲು ಸರಿಯಾಗಿ ಒಣಗದೆ ಪಿಂಡಿಯಾದರೆ ಒಳಗೆ ಕಾವೇರುತ್ತದೆ. ತೇವ ಹೆಚ್ಚಿದಷ್ಟೂ ಕಾವು ಹೆಚ್ಚು. 60 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಆ ಬಿಸಿಯನ್ನೇ ಬಯಸುವ ಸೂಕ್ಷ್ಮಜೀವಿಗಳು ಅಲ್ಲಿ ಕೋಟಿಗಟ್ಟಲೆ ಬೆಳೆದು, ಮುಂದೆ ಹುಲ್ಲು ಕೊಡವಿದಾಗ ಗಾಳಿಗೇರುತ್ತವೆ. 5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಮೂಗು ತಡೆಯಲಾರದು. ಅವು ನೇರ ಶ್ವಾಸಕೋಶದ ತಳಕ್ಕಿಳಿಯುತ್ತವೆ. ಅದೇ ವರ್ಷ ಲಂಡನ್ನಿನಲ್ಲಿ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರು ರೋಗಿಗಳ ರಕ್ತ ಪರೀಕ್ಷಿಸಿ ಆ ಜೀವಿಗಳ ಗುರುತು ಹಿಡಿದರು. ಅದೇ ಬೂಷ್ಟಿನ ದೂಳು ಕುದುರೆಯನ್ನೂ ಕಾಡುತ್ತದೆಂದು ಗೊತ್ತಾಗಿ, ಅದರ ಮೇಲಿದ್ದ ಹೊಟ್ಟೆಬಾಕತನದ ಅಪವಾದ ಕಳಚಲು ಇಷ್ಟು ಕಾಲ ಬೇಕಾಯಿತು.

ನಮ್ಮ ಕಡೆ ಒಣಹುಲ್ಲಿನ ಬದಲು ಹಸಿ ಗರಿಕೆಯ ರೂಢಿಯಿತ್ತು. ಬ್ರಿಟಿಷರ ಕಾಲದ ದಂಡುಗಳಲ್ಲಿ ಕುದುರೆ ನೋಡಿಕೊಳ್ಳುವ ಸೈಸನ ಜೊತೆ ಹುಲ್ಲು ತರುವ ಆಳೂ ಇರುತ್ತಿದ್ದ. ಅವನು ಕುರ್ಪಿಯಿಂದ ಗರಿಕೆಯನ್ನು ಬೇರುಸಮೇತ ಕೆತ್ತಿ, ಮಣ್ಣು ಬಡಿದು, ತೊಳೆದು ತರಬೇಕು. ಜೊತೆಗೆ ಬೇಯಿಸಿದ ಹುರುಳಿ. ಬೂಷ್ಟಿನ ಮಾತೇ ಬರದ ಊಟ ಅದು. ಆ ಆಳಿನ ದುಡಿಮೆಯನ್ನು ಚರಿತ್ರೆಕಾರರು ಇನ್ನಷ್ಟು ಬರೆಯಬೇಕಿತ್ತು.

ಪಶ್ಚಿಮದ ಲಾಯಗಳಲ್ಲಿ ಹುಲ್ಲು ನೆನೆಸುವುದೇ ಬಹುಕಾಲ ಮದ್ದಾಗಿತ್ತು. ನೆನೆದ ಹುಲ್ಲಿನಲ್ಲಿ ದೂಳು ಅಂಟಿಕೊಂಡು ಮೇಲೇಳುವುದಿಲ್ಲ, ನಿಜ. ಆದರೆ ರಾತ್ರಿಯಿಡೀ ನೆನೆಸಿದರೆ ಸಕ್ಕರೆ, ಖನಿಜಗಳು ನೀರಿಗೆ ಹೋಗುತ್ತವೆ, ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಹಬೆಯ ವಿಚಾರ ಹೊಳೆದದ್ದು ಇಲ್ಲಿಂದ. ನೆಗಡಿಯಾದ ಕುದುರೆಯ ಮೂತಿಗೆ ಬಿಸಿ ತೌಡಿನ ಚೀಲ ಕಟ್ಟಿ ಹಬೆ ಕೊಡುವುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ಹುಲ್ಲಿಗೇ ಹಬೆ ಕೊಟ್ಟದ್ದು ಇತ್ತೀಚೆಗೆ. ಬ್ರಿಟನ್ನಿನ ಕುದುರೆ ಸಾಕುವವರು ಗೋಡೆ ಕಾಗದ ಕೀಳುವ ಹಬೆಯಂತ್ರವನ್ನು ಕಸದ ಡಬ್ಬಿಗೆ ಜೋಡಿಸಿ ಮನೆಯಲ್ಲೇ ಪ್ರಯತ್ನಿಸಿದರು. ಆಮೇಲೆ ಬಂದ ಪೆಟ್ಟಿಗೆಗಳಲ್ಲಿ ತೂತುಳ್ಳ ಮುಳ್ಳುಗಳು ಪಿಂಡಿಯ ನಡುವಿಗೇ ಚುಚ್ಚಿಕೊಂಡು ಹಬೆ ಬಿಡುತ್ತವೆ. ಸೈರನ್‌ಸೆಸ್ಟರಿನ ರಾಯಲ್ ಅಗ್ರಿಕಲ್ಚರಲ್ ವಿಶ್ವವಿದ್ಯಾಲಯದಲ್ಲಿ ಮೆರಿಯಲ್ ಮೂರ್-ಕೋಲಿಯರ್ ಮತ್ತು ಸಂಗಡಿಗರು ಇಂಥ ಹಬೆಯನ್ನು ಪರೀಕ್ಷಿಸಿದಾಗ, ಉಸಿರಿನೊಡನೆ ಒಳಹೋಗುವ ಕಣಗಳು ಬಹುಪಾಲು ಇಳಿದವು, ಬೂಷ್ಟು ಸತ್ತಿತು. ಕಾವು ಒಳಗಿನವರೆಗೂ ಮುಟ್ಟಬೇಕು; ಅರೆಬರೆ ಬೆಚ್ಚಗಾದ ಹುಲ್ಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುವ ಅಪಾಯವಿದೆ. ಕೆಟ್ಟ ಹುಲ್ಲು ಹಬೆಯಿಂದ ಒಳ್ಳೆಯ ಹುಲ್ಲಾಗುವುದೂ ಇಲ್ಲ.

ನನ್ನ ಚಿಂತೆ ಲಾಯದ ಹುಡುಗರ ಬಗ್ಗೆಯೂ ಹೌದು. ಪಿಂಡಿ ಬಿಚ್ಚಿ ಕೊಡವುವವರು ಅವರು, ಹುಲ್ಲಿನ ಕೋಣೆಯ ಪಕ್ಕದಲ್ಲೇ ಮಲಗುವವರೂ ಅವರೇ. "ಸಾರ್, ಇದರೊಳಗೆ ಬಿಸಿ ಕೂತಿದೆ" ಎಂದು ಪಿಂಡಿಗೆ ಮೊಣಕೈವರೆಗೆ ಕೈ ತೂರಿಸಿ ಹೇಳುವ ಹುಡುಗನ ಮಾತನ್ನು ನಾನು ಯಾವ ಪ್ರಯೋಗಾಲಯಕ್ಕೂ ಕಡಿಮೆಯೆಂದು ತಿಳಿದಿಲ್ಲ. ಕುದುರೆಗೆ ಕೆಮ್ಮು ಎಂದು ಕರೆಸಿದಾಗಲೆಲ್ಲ ಅವರ ಕೆಮ್ಮನ್ನೂ ವಿಚಾರಿಸುತ್ತೇನೆ. ಹಬೆಪೆಟ್ಟಿಗೆ ಕೊಳ್ಳಲಾಗದ ಲಾಯಗಳಿಗೆ ನಾನು ಹೇಳುವುದು ಇಷ್ಟು: ಪಿಂಡಿಯನ್ನು ಹೊರಗೆ, ಗಾಳಿಗೆ ಬೆನ್ನು ಕೊಟ್ಟು ಬಿಚ್ಚಿ, ಮುಗ್ಗಲು ವಾಸನೆ ಬಂದರೆ ತಿಪ್ಪೆಗೆ ಹಾಕಿ, ಒಳ್ಳೆಯದನ್ನು ಕೊಡುವ ಮೊದಲು ಕಾಲು ಗಂಟೆ ನೀರಿನಲ್ಲಿ ಮುಳುಗಿಸಿ, ಬಲೆ ಬಿಟ್ಟು ನೆಲದ ಮೇಲೆ ಹಾಕಿ, ತಲೆ ಬಗ್ಗಿಸಿ ತಿಂದರೆ ಕಫ ತಾನಾಗಿ ಇಳಿಯುತ್ತದೆ.